ಎರಡು ಸುತ್ತಿನ ಸ್ಕ್ರೂ

ಟಿಂಕರಿಂಗ್ ಮೇಸ್ತ್ರಿಯವರು ಸ್ವಂತಕ್ಕೊಂದು ಕಾರು ಕೊಳ್ಳುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗ ಗ್ಯಾರೇಜಿನ ಬೀದಿಯೆಲ್ಲ ನಕ್ಕಿತು. ಎದುರಂಗಡಿಯ ವೆಲ್ಡಿಂಗಿನವನಂತೂ ಕಪ್ಪು ಕನ್ನಡಕವನ್ನು ಹಣೆಗೇರಿಸಿ, "ಏನ್ ಮೇಸ್ತ್ರಿ, ಹಲ್ಲಿನ ಡಾಕ್ಟ್ರು ಸ್ವಂತಕ್ಕೆ ಅಂತ ಒಂದು ಬಾಯಿ ಕೊಂಡ್ಕೊಂಡ ಹಾಗಾಯ್ತಲ್ಲ!" ಎಂದ.

ಮೇಸ್ತ್ರಿಯವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಅವರು ಮೊದಲ ಸಲ ಸುತ್ತಿಗೆ ಹಿಡಿದದ್ದು 1971ನೆಯ ಇಸವಿ ಜೂನ್ 14, ಸೋಮವಾರ. ಅಂದಿನಿಂದ ಊರವರ ಕಾರುಗಳ ತಗ್ಗುಗಳನ್ನೆಲ್ಲ ಒಳಗಿನಿಂದ ಬಡಿದು ಎತ್ತಿ ಸಮ ಮಾಡುತ್ತ ಬಂದಿದ್ದರು. ಆದರೆ ಈ ಕಸುಬಿನ ಹಣೆಬರಹವೇ ವಿಚಿತ್ರ. ಕೆಲಸ ಚೆನ್ನಾಗಿದ್ದಷ್ಟೂ ಅದು ಕಣ್ಣಿಗೆ ಬೀಳುವುದಿಲ್ಲ. ಗಾಡಿಯೂ ಮರುದಿನವೇ ಹೊರಟುಹೋಗುತ್ತದೆ. ಬುಡದಿಂದ ನೆತ್ತಿಯವರೆಗೆ ತಮ್ಮ ಕೈಯಲ್ಲೇ ಎದ್ದು ನಿಂತು, ತಮ್ಮ ಮನೆಯ ಮುಂದೆಯೇ ನಿಲ್ಲುವ ಒಂದೇ ಒಂದು ಹಳೆಯ ಕಾರು ಬೇಕೆಂಬುದು ಅವರ ಬಹುಕಾಲದ ಆಸೆ. ಅದಕ್ಕೆಂದು ಮನೆಯಾಕೆ ಮಹಡಿಯ ಮೇಲೊಂದು ಕೋಣೆ ಕಟ್ಟಿಸುವ ಯೋಚನೆಯನ್ನೇ ಕೈಬಿಟ್ಟಿದ್ದರು. "ಕೆಳಗೆ ಮಲಗಿದ್ರೂ ನಿದ್ದೆ ಬರುತ್ತೆ. ತಗೊಂಡ್ಬಿಡಿ, ಇನ್ನು ನಿಮ್ಮ ಗೊಣಗಾಟ ಕೇಳೋಕಾಗಲ್ಲ," ಎಂದಿದ್ದರು.

ಕಾರಿನ ಸುಳಿವು ತಂದವನು ಭಾವಮೈದ. ಅವನು ಮನೆಯಾಕೆಯ ಒಬ್ಬನೇ ತಮ್ಮ. 1984ರ ಜನವರಿ 2ರಂದು ಗ್ಯಾರೇಜಿಗೆ ಸೇರಿದವನು ಬಣ್ಣದ ಕೆಲಸದಲ್ಲಿ ಪಳಗಿ ಅಲ್ಲಿಯೇ ನೆಲೆಯಾಗಿದ್ದ. ಮೇಸ್ತ್ರಿಯವರು ಅವನನ್ನು ಹಾಗೆ ಕರೆಯುವುದನ್ನು ಕೇಳಿ ಕೇಳಿ, ಸಂಬಂಧವಿದ್ದವರು, ಇಲ್ಲದವರು, ಕೊನೆಗೆ ವೆಲ್ಡಿಂಗಿನವನ ಹೆಂಡತಿಯೂ ಅವನನ್ನು ಭಾವಮೈದ ಎಂದೇ ಕರೆಯುತ್ತಿದ್ದರು. ಅವನ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಅವನು ಹೊಸದಾಗಿ ಬಂದ ದಿನಗಳಲ್ಲಿ ಒಂದು ಪ್ರಸಂಗ ನಡೆಯಿತು. ಬಣ್ಣ ಹೊಡೆಯುವ ಮುನ್ನ ಕಾರಿನ ದೀಪ, ಹಿಡಿ, ಜಾಲರಿಗಳನ್ನೆಲ್ಲ ಬಿಚ್ಚಿಡಬೇಕು. ಬಿಚ್ಚಿದ ಸ್ಕ್ರೂಗಳನ್ನು ಇವನು ಅಂಗಿಯ ಜೇಬಿಗೆ ಸುರಿದುಕೊಳ್ಳುವನು. ಸಂಜೆಗೆ ಅರ್ಧ ಬೀದಿಪಾಲು. ಮೇಸ್ತ್ರಿಯವರ ಕಟ್ಟಳೆ ಬೇರೆ. ಸಾಮಾನು ಕೈಗೆ ಬಂದ ಕೂಡಲೇ ಅದರ ಸ್ಕ್ರೂ ಅದರ ತೂತಿಗೇ ಮರಳಬೇಕು. ತಲೆಗೆ ಒಂದು ಬೆರಳು ಗ್ರೀಸು, ಎರಡೇ ಸುತ್ತು, ಅಷ್ಟೇ. "ಎರಡು ಸುತ್ತು ಹಾಕಿಟ್ಟ ಸ್ಕ್ರೂ ಅಂದ್ರೆ, ಇಲ್ಲಿ ಕೆಲಸ ಬಾಕಿ ಇದೆ, ನಾನು ತಿರುಗಿ ಬರ್ತೀನಿ ಅಂತ ಹೇಳಿ ಹೋದ ಹಾಗೆ," ಎನ್ನುತ್ತಿದ್ದರು. ಎಷ್ಟು ಹೇಳಿದರೂ ಹುಡುಗನ ಕಿವಿಗೆ ಬೀಳದಾಗ, ಅಕ್ಕನಿಗೆ ಹೇಳಿ ಅವನ ಅಂಗಿಗಳ ಜೇಬಿನ ಬಾಯನ್ನೆಲ್ಲ ಹೊಲಿಸಿ ಮುಚ್ಚಿಸಿಬಿಟ್ಟರು. ಬೀದಿಯವರು ಒಂದು ವರ್ಷ ಅದನ್ನೇ ಹೇಳಿಕೊಂಡು ನಕ್ಕರು. ಆಮೇಲೆ ಆ ಕಟ್ಟಳೆ ಅವನ ಬೆರಳುಗಳಲ್ಲಿ ಎಷ್ಟು ಬೇರೂರಿತೆಂದರೆ, ಮನೆಯ ಕಿಟಕಿಯ ಚಿಲಕ ಬಿಚ್ಚಿದರೂ ಸ್ಕ್ರೂ ತೂತಿಗೇ ಹೋಗುತ್ತಿತ್ತು.

2008ರ ನವೆಂಬರ್ 9, ಭಾನುವಾರ ಬೆಳಿಗ್ಗೆ ಇಬ್ಬರೂ ಕಾರು ನೋಡಲು ಹೋದರು. ಆಚೆ ಬೀದಿಯ ಹಳೆಯ ಗೋದಾಮು. ಸೆಣಬಿನ ಚೀಲಗಳ ಹಿಂದೆ 1938ರ ನಾಲ್ಕು ಬಾಗಿಲಿನ ಕಾರು, ಚಕ್ರಗಳಿಲ್ಲದೆ ಮರದ ದಿಮ್ಮಿಗಳ ಮೇಲೆ ಕುಳಿತಿತ್ತು. ಮುಂದಿನ ಜಾಲರಿ ಇಲ್ಲ, ಹೆಡ್‌ಲೈಟುಗಳಿಲ್ಲ, ಡ್ಯಾಶ್‌ಬೋರ್ಡಿನ ಗಡಿಯಾರವೂ ಇಲ್ಲ. ಕಣ್ಣು, ಹಲ್ಲು ಕಳೆದುಕೊಂಡ ಮುಖದಂತೆ ಕಾಣುತ್ತಿತ್ತು. ಮೇಸ್ತ್ರಿಯವರು ಬೆರಳಿನ ಗೆಣ್ಣಿನಿಂದ ಬಾಗಿಲು, ಮಡ್‌ಗಾರ್ಡು, ಚಾವಣಿಗಳನ್ನು ತಟ್ಟುತ್ತ ಸುತ್ತು ಬಂದರು. ಎಲ್ಲಿಯೂ ತಗ್ಗು ಮುಚ್ಚಲು ಮೆತ್ತಿದ ಪುಟ್ಟಿಯ ಮಂದ ಸದ್ದಿಲ್ಲ. ಎಲ್ಲೆಲ್ಲೂ ಗಟ್ಟಿ ತಗಡಿನ ಸ್ವರ. ಅವರ ಎದೆ ಒಳಗೊಳಗೇ ಹಿಗ್ಗಿತು.

"ಉಳಿದ ಸಾಮಾನು ಎಲ್ಲಿ?" ಎಂದು ಕೇಳಿದರು.

ಗೋದಾಮಿನ ಯಜಮಾನ ಭಾವಮೈದನ ಮುಖ ನೋಡಿದ. ಭಾವಮೈದನೇ ಹೇಳಿದ: "ಕಳುವಾಗಿವೆಯಂತೆ ಭಾವ, ಇಪ್ಪತ್ತು ವರ್ಷದ ಹಿಂದೇನೇ. ಅದಕ್ಕೇನು ಚಿಂತೆ? ಹಳೇ ಸಾಮಾನು ಇಟ್ಕೊಂಡಿರೋ ಒಬ್ಬ ಪರಿಚಯದವನಿದ್ದಾನೆ. ಒಂದೊಂದಾಗಿ ತಂದುಕೊಡ್ತೀನಿ. ಸ್ವಲ್ಪ ದುಬಾರಿ ಆಗುತ್ತೆ, ನಿಜ. ಆದ್ರೆ ಇಂಥ ಗಾಡಿ ಮತ್ತೆ ಸಿಗಲ್ಲ."

"ಯಾರ ಗಾಡಿ ಇದು?"

ಯಜಮಾನ ಮತ್ತೆ ಭಾವಮೈದನ ಮುಖ ನೋಡಿ, "ನಂದೇ," ಎಂದ. ಪಾಠ ಒಪ್ಪಿಸಿದ ಹಾಗಿತ್ತು.

ಮೇಸ್ತ್ರಿಯವರು ಕಾರಿನ ಮುಂದೆ ಮಂಡಿಯೂರಿ, ಜಾಲರಿಯಿದ್ದ ಜಾಗಕ್ಕೆ ಟಾರ್ಚು ಹಿಡಿದರು. ಸುತ್ತಲಿನ ತಗಡಿನ ಮೇಲೆ ಬೆರಳು ಮುಳುಗುವಷ್ಟು ಧೂಳು. ಆದರೆ ಅಂಚಿನ ಪ್ರತಿಯೊಂದು ತೂತಿನಲ್ಲಿಯೂ ಸ್ಕ್ರೂ ಕುಳಿತಿತ್ತು. ತಲೆಯ ಮೇಲೆ ಒಂದೊಂದು ಬೆರಳು ಗ್ರೀಸು, ಇನ್ನೂ ಹಸಿಯಾಗಿದ್ದದ್ದು. ಒಂದನ್ನು ಉಗುರಿನಿಂದ ತಿರುಗಿಸಿದರು. ಎರಡೇ ಸುತ್ತಿಗೆ ಕೈಗೆ ಬಂತು. ಹೆಡ್‌ಲೈಟಿನ ಗೂಡಿನಲ್ಲಿಯೂ ಅದೇ. ಗಡಿಯಾರದ ಕುಳಿಯ ಸುತ್ತಲಿದ್ದ ಪುಟಾಣಿ ಹಿತ್ತಾಳೆಯ ಸ್ಕ್ರೂಗಳೂ ಹಾಗೆಯೇ, ಒಂದೂ ತಪ್ಪದೆ.

ಕದ್ದವನಿಗೆ ಎಲ್ಲಿಯ ವ್ಯವಧಾನ? ಗುಜರಿಯವನು ಗ್ರೀಸು ಹಚ್ಚುತ್ತಾನೆಯೆ? ಲೋಕದಲ್ಲಿ ಹೀಗೆ ಬಿಚ್ಚುವ ಕೈ ಇದ್ದದ್ದು ನಾಲ್ಕೇ, ಅವುಗಳಲ್ಲಿ ಎರಡು ಮೇಸ್ತ್ರಿಯವರವೇ. ಅವರು ಟಾರ್ಚು ಆರಿಸಿ ಎದ್ದರು.

"ಕಳ್ಳ ಬಹಳ ಒಳ್ಳೆಯವನು ಕಣೋ," ಎಂದರು. "ಸ್ಕ್ರೂನೆಲ್ಲ ತೂತಿಗೇ ಹಾಕಿ, ಗ್ರೀಸು ಹಚ್ಚಿ ಹೋಗಿದ್ದಾನೆ. ಅವನ ಜೇಬನ್ನೂ ಯಾರೋ ಹೊಲಿದಿರಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆ ಸುಳ್ಳಲ್ಲ. ಭಾವಮೈದನ ಕೈ ತನ್ನಷ್ಟಕ್ಕೆ ತಾನೇ ಅಂಗಿಯ ಜೇಬಿಗೆ ಹೋಯಿತು. ಗೋದಾಮಿನ ಯಜಮಾನ, "ನನಗೇನೂ ಗೊತ್ತಿಲ್ಲಪ್ಪ, ಜಾಗ ಕೊಟ್ಟಿದ್ದಷ್ಟೇ ನಾನು," ಎಂದು ಚೀಲಗಳ ಹಿಂದೆ ಸರಿದ.

ಸೈಕಲ್ಲು ತಳ್ಳಿಕೊಂಡು ಮನೆಗೆ ಹಿಂದಿರುಗುವ ದಾರಿಯಲ್ಲಿ ಭಾವಮೈದ ಎಲ್ಲವನ್ನೂ ಕಕ್ಕಿದ. ಕಾರನ್ನು ಕೊಂಡವನು ಅವನೇ. ಸಾಮಾನುಗಳನ್ನು ಬಿಚ್ಚಿ ತನ್ನ ಮನೆಯ ಮಂಚದ ಕೆಳಗೆ ಇಟ್ಟವನೂ ಅವನೇ. ಮೊದಲು ಕಾರು, ಆಮೇಲೆ ಒಂದೊಂದೇ ಸಾಮಾನನ್ನು ಭಾವನಿಗೇ ಮಾರಿ, ಬಂದ ಹಣದಲ್ಲಿ ಸ್ವಂತ ಪೇಂಟಿಂಗ್ ಶೆಡ್ ಹಾಕಬೇಕೆಂದಿದ್ದ.

"ಎಷ್ಟು ದಿನ ಅಂತ ನಿಮ್ಮ ನೆರಳಲ್ಲೇ ಇರ್ಲಿ ಭಾವ? ನನಗೂ ನನ್ನದು ಅಂತ ಒಂದು ಬೋರ್ಡು ಬೇಡವಾ? ಇದು ವ್ಯಾಪಾರ ಅಷ್ಟೇ, ಮೋಸ ಅಲ್ಲ. ಕೇಳಿದ್ರೆ ನೀವು ಕೊಡ್ತಿದ್ರಾ?"

"ಕೊಡ್ತಿದ್ದೆ."

"ಮತ್ತೆ?"

"ಕೇಳ್ಲಿಲ್ವಲ್ಲ," ಎಂದು ಮೇಸ್ತ್ರಿಯವರು ಸೈಕಲ್ಲು ಹತ್ತಿದರು.

ವಿಷಯ ತಿಳಿದ ಮನೆಯಾಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಜೇಬು ಹೊಲಿದವಳು ನಾನೇ. ಬುದ್ಧಿ ಹೊಲಿಯೋಕೆ ಆಗ್ಲಿಲ್ಲ," ಎಂದರು.

ಆ ವಾರ ಮೇಸ್ತ್ರಿಯವರಿಗೆ ಅನ್ನ ರುಚಿಸಲಿಲ್ಲ. ಕಾರನ್ನು ಬಿಟ್ಟರೆ ಜೀವಮಾನದ ಆಸೆಗೆ ಎಳ್ಳುನೀರು. ಕೊಂಡರೆ ಬೇಲಿಯೇ ಎದ್ದು ಹೊಲ ಮೇಯ್ದುದಕ್ಕೆ ತಾವೇ ಕಾವಲು ಕೂಲಿ ಕೊಟ್ಟಂತೆ. ಗುರುವಾರ ಭಾವಮೈದ ಅಕ್ಕನ ಮೂಲಕ ಹೇಳಿ ಕಳಿಸಿದ: ತಾನು ಕೊಂಡ ಬೆಲೆಗೇ ಕಾರನ್ನು ಕೊಡುತ್ತೇನೆ, ಸಾಮಾನುಗಳೆಲ್ಲ ಪುಕ್ಕಟೆ.

"ಕಾರು ಏನ್ರೀ ತಪ್ಪು ಮಾಡಿದೆ?" ಎಂದು ಮನೆಯಾಕೆ ಕೇಳಿದರು. ದನಿಯಲ್ಲಿ ತಮ್ಮನ ಪರವಾದ ಸಣ್ಣದೊಂದು ಬೇಡಿಕೆಯಿತ್ತು. "ನಾನು ಮಹಡಿ ಬಿಟ್ಟಿದ್ದು ನೀವು ಹೀಗೆ ಮುಖ ಇಳಿಬಿಟ್ಕೊಂಡು ಕೂತ್ಕೊಳ್ಳೋಕಲ್ಲ."

"ಕಾರಿನ ತಪ್ಪೇನಿಲ್ಲ ಕಣೇ. ಇಷ್ಟು ವರ್ಷ ಅವನು ಮುಟ್ಟಿದ್ದನ್ನ ನಾನು ಮತ್ತೆ ಮುಟ್ಟಿ ನೋಡಿದವನಲ್ಲ. ಅವನು ಬಿಗಿ ಮಾಡಿದ್ದೀನಿ ಅಂದ್ರೆ ಬಿಗಿಯೇ. ಇನ್ಮೇಲೆ ಮುಟ್ಟಿ ನೋಡ್ಬೇಕಾಗುತ್ತೆ. ಆ ಕಾರು ಮನೆ ಮುಂದೆ ನಿಂತಿದ್ರೆ, ದಿನಾ ಬೆಳಿಗ್ಗೆ ಎದ್ದು ಅದನ್ನೇ ನೋಡ್ಬೇಕು."



ನವೆಂಬರ್ 16, ಭಾನುವಾರ, ಮೇಸ್ತ್ರಿಯವರು ಉಪಕರಣದ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಗೋದಾಮಿಗೆ ಹೋದರು. ಸಾಮಾನುಗಳನ್ನೆಲ್ಲ ತರುವಂತೆ ಭಾವಮೈದನಿಗೆ ಹೇಳಿ ಕಳಿಸಿದ್ದರು. ಅವನು ಆಗಲೇ ಅವುಗಳನ್ನು ಹಳೆಯ ಹೊದಿಕೆಯೊಂದರ ಮೇಲೆ ಸಾಲಾಗಿ ಜೋಡಿಸಿ, ಮುಖ ಅರಳಿಸಿಕೊಂಡು ಕಾಯುತ್ತಿದ್ದ. ಭಾವ ಮನಸ್ಸು ಬದಲಿಸಿದರೆಂದೇ ಅವನ ಲೆಕ್ಕ.

"ಜಾಲರಿ ಹಿಡ್ಕೋ," ಎಂದರು ಮೇಸ್ತ್ರಿಯವರು.

ಅವನು ಹಿಡಿದ. ಇವರು ಸ್ಕ್ರೂ ಕೂರಿಸಿದರು. ಕೈ ಚಾಚಿದರೆ ಸ್ಕ್ರೂಡ್ರೈವರ್ ಬರುತ್ತಿತ್ತು. ಕತ್ತು ತಿರುಗಿಸಿದರೆ ಟಾರ್ಚಿನ ಬೆಳಕು ಅಲ್ಲಿಗೇ ಬೀಳುತ್ತಿತ್ತು. ಒಂದು ಮಾತಿಲ್ಲದೆ ಕೆಲಸ ಸಾಗಿತು. ದೂರದಿಂದ ನೋಡಿದವರಿಗೆ ಒಂದೇ ಮೈಗೆ ನಾಲ್ಕು ಕೈಗಳಿವೆಯೆನ್ನಿಸಬೇಕು. ಜಾಲರಿಯಾಯಿತು, ಹೆಡ್‌ಲೈಟುಗಳಾದವು. ಕೊನೆಗೆ ಮೇಸ್ತ್ರಿಯವರು ಗಡಿಯಾರವನ್ನು ಕುಳಿಯಲ್ಲಿ ಕೂರಿಸಿದರು. ಎಷ್ಟು ಚೆಂದದ ಗಡಿಯಾರ! ತೋಳಿನಿಂದ ಅದರ ಗಾಜು ಒರೆಸಿ, ಕಾರಿನ ಮುಂದೆ ಬಂದು ಒಮ್ಮೆ ಅದರ ಮುಖ ನೋಡಿದರು. ಈಗ ಅದಕ್ಕೆ ಕಣ್ಣಿತ್ತು, ಹಲ್ಲಿತ್ತು.

ಬಳಿಕ ಮೊದಲಿಂದ ಶುರುಮಾಡಿ ಪ್ರತಿಯೊಂದು ಸ್ಕ್ರೂವನ್ನೂ ತಿರುಗಿಸಿದರು. ಎರಡು ಸುತ್ತಿಗೆ ನಿಲ್ಲಿಸಲಿಲ್ಲ. ಇನ್ನು ತಿರುಗದು ಎನ್ನುವವರೆಗೆ, ಅಂಗೈ ಕೆಂಪಾಗುವವರೆಗೆ ಬಿಗಿದರು. ನೋಡುತ್ತ ನಿಂತಿದ್ದ ಭಾವಮೈದನ ಮುಖ ಮೆಲ್ಲಮೆಲ್ಲನೆ ಬಾಡಿತು.

"ಭಾವ, ತಗಡು ಬಡಿಯೋವಾಗ ಮತ್ತೆ ಬಿಚ್ಬೇಕಾಗುತ್ತಲ್ಲ. ಬಣ್ಣ ಬೇರೆ ಹೊಡೀಬೇಕು..."

"ಯಾರು ತಗೋತಾರೋ ಅವರು ಬಿಚ್ಚಿಕೊಳ್ತಾರೆ. ಸಾಮಾನು ಪೂರ್ತಿ ಇದೆ. ಒಳ್ಳೆ ಬೆಲೆ ಬರುತ್ತೆ, ನಿನ್ನ ಶೆಡ್ಡಿಗೆ ಸಾಕಾಗುತ್ತೆ."

"ಮತ್ತೆ ನೀವು?"

ಮೇಸ್ತ್ರಿಯವರು ಸ್ಕ್ರೂಡ್ರೈವರನ್ನು ಒರೆಸಿ ಪೆಟ್ಟಿಗೆಯಲ್ಲಿ ಅದರದೇ ಗೂಡಿಗೆ ಇಟ್ಟರು. "ನಾಳೆಯಿಂದ ಬಣ್ಣಕ್ಕೆ ಬೇರೆಯವರನ್ನ ನೋಡ್ಕೋತೀನಿ. ಊಟಕ್ಕೆ ಮನೆಗೆ ಬಾ, ನಿಮ್ಮಕ್ಕ ಕಾಯ್ತಿದ್ದಾಳೆ. ಗ್ಯಾರೇಜಿಗೆ ಬರ್ಬೇಡ."

ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟುವಾಗ, ಅವನು ಎಂದಿನಂತೆ ಹಗ್ಗದ ಇನ್ನೊಂದು ತುದಿ ಹಿಡಿಯಲು ಬಂದ. ಮೇಸ್ತ್ರಿಯವರು ಆ ಗಂಟನ್ನೂ ತಾವೇ ಹಾಕಿದರು. ಒಮ್ಮೆ ಎಳೆದು ನೋಡಿದರು, ಮತ್ತೊಮ್ಮೆ ಎಳೆದು ನೋಡಿದರು.