ಗಂಟೆ ಊರಿನ ಟೀಚರಮ್ಮ

ಅವರ ಎಡ ಅಂಗೈ ಯಾವಾಗಲೂ ನೀಲಿಯಾಗಿರುತ್ತಿತ್ತು. ನಮ್ಮ ತರಗತಿಯ ಬೋರ್ಡು ನಟ್ಟನಡುವೆ ಸೀಳುಬಿಟ್ಟಿತ್ತು. ಯಾವ ದೇಶದ ನಕಾಶೆ ಬರೆದರೂ ಅದರ ಮಧ್ಯೆ ಇಲ್ಲದ ನದಿಯೊಂದು ಹರಿಯುತ್ತಿತ್ತು. ಅದನ್ನು ಸಹಿಸಲಾರದೆ ಅವರು ಬಾಲ್‌ಪೆನ್ನಿನಿಂದ ಅಂಗೈ ಮೇಲೇ ನಕಾಶೆ ಬರೆದುಕೊಂಡು, ಕೈ ಚಾಚಿ ಬೆಂಚಿನಿಂದ ಬೆಂಚಿಗೆ ನಡೆಯುತ್ತಿದ್ದರು. ಊಟದ ಬೆಲ್ ಹೊಡೆಯುವ ಹೊತ್ತಿಗೆ ಬೆವರಿನಲ್ಲಿ ಯುರೋಪ್ ಪೂರ್ತಿ ಕಲಸಿಹೋಗಿರುತ್ತಿತ್ತು. ಆ ಕೈಯನ್ನು ಸೋಪು ಹಾಕಿ ತೊಳೆದದ್ದನ್ನು ನಾವ್ಯಾರೂ ನೋಡಲಿಲ್ಲ.

ನಮಗೆ ಅವರು ಸೋಷಿಯಲ್ ಟೀಚರ್, ಊರಿಗೆ ಟೀಚರಮ್ಮ. ಆಂಧ್ರದ ಗಡಿಯೊಳಗಿನ ರಾಯದುರ್ಗದ ಕನ್ನಡ ಮೀಡಿಯಂ ಶಾಲೆಯಲ್ಲಿ ಅವರಷ್ಟು ಕುಳ್ಳಗಿದ್ದವರು ಇನ್ನೊಬ್ಬರಿರಲಿಲ್ಲ, ಅವರಷ್ಟು ದೊಡ್ಡ ದನಿಯವರೂ ಇರಲಿಲ್ಲ. ಬಿಸಿಲಿಗೆ ಕೊಡೆ ಹಿಡಿದು ಬರುತ್ತಿದ್ದರು, ಆದರೆ ಬಿಚ್ಚುತ್ತಿರಲಿಲ್ಲ. ಅದು ಬೆಟ್ಟದ ಮೇಲಿನ ಕೋಟೆಗೋಡೆ ತೋರಿಸಲಿಕ್ಕೆ, ನಿಲ್ಲಿಸದೆ ಹೋಗುವ ಬಸ್ಸಿಗೆ ಅಡ್ಡ ಹಿಡಿಯಲಿಕ್ಕೆ, ದಾರಿಗೆ ಅಡ್ಡ ಬೈಕ್ ನಿಲ್ಲಿಸಿದವನ ಸೀಟಿನ ಮೇಲೆ ಬಡಿಯಲಿಕ್ಕೆ. ಸಂತೆಯಲ್ಲಿ ಅವರು ಚೌಕಾಶಿ ಮಾಡುತ್ತಿರಲಿಲ್ಲ. "ತೂಕದಾಗ ಜಗಳ ಆಡ್ತೀನಿ, ರೇಟಿನ್ಯಾಗ ಆಡಂಗಿಲ್ಲ," ಎನ್ನುತ್ತಿದ್ದರು. ತೂಕದ ಜಗಳವನ್ನು ಬೀದಿಗೆಲ್ಲ ಕೇಳುವಂತೆ ಆಡುತ್ತಿದ್ದರು.

ಆ ಸಂತೆಯಲ್ಲಿ ನನ್ನ ಅವ್ವ ಸೊಪ್ಪು ಮಾರುತ್ತಿದ್ದಳು. ಅವಳ ತವರು ಮಡಕಶಿರದ ಕಡೆ, ಅಮರಾಪುರದ ಹತ್ತಿರದ ಹಳ್ಳಿ. ಮದುವೆಯಾಗಿ ಇಷ್ಟು ದೂರ ಬಂದರೂ ನಾಲಿಗೆ ಮಾತ್ರ ತವರಿನಲ್ಲೇ ಉಳಿದಿತ್ತು. ಯಾರು ಗದರಿದರೂ "ಓಗ್ಲಿ ಬುಡಪ್ಪ, ನಮ್ಗ್ಯಾಕೆ" ಎಂದು ಬುಟ್ಟಿ ಸರಿಸಿಕೊಂಡು ಜಾಗ ಬಿಡುವ ಹೆಂಗಸು. ಟೀಚರಮ್ಮನಿಗೆ ಆ "ಓಗ್ಲಿ ಬುಡಪ್ಪ" ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಇನ್ನು ಗಂಟೆ ಊರಿನ ಮಾತು. ನಮ್ಮ ಪಠ್ಯದಲ್ಲಿ ಬೆಲ್ಜಿಯಂಗೆ ಸಿಕ್ಕಿದ್ದ ಜಾಗ ಎರಡೇ ಸಾಲು: ಅಲ್ಲಿ ಗಾಜು ಆಗುತ್ತದೆ, ರಾಜಧಾನಿ ಇಂಥದ್ದು. ಟೀಚರಿಗೆ ಅದು ಒಪ್ಪಿಗೆಯಾಗಲಿಲ್ಲ. "ಒಂದು ದೇಶ ತಿಳೀಬೇಕಂದ್ರ ರಾಜಧಾನಿ ನೋಡಬ್ಯಾಡ್ರಿ. ಸಂತಿ ನಡಿಯೋ ಒಂದು ಸಣ್ಣ ಊರು ನೋಡ್ರಿ" ಎಂದು, ಬಳ್ಳಾರಿಯ ಹಳೆ ಪುಸ್ತಕದಂಗಡಿಯಲ್ಲಿ ಕೊಂಡು ತಂದಿದ್ದ ಭೂಗೋಳದ ಪುಸ್ತಕದಿಂದ ಫ್ಲೆಮಿಶ್ ಜನರ ಒಂದು ಸಂತೆಯೂರನ್ನು ಆರಿಸಿಕೊಂಡರು. ಅದರ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ನಡುವೆ ಎತ್ತರದ ಗಂಟೆ ಗೋಪುರ ಇದ್ದದ್ದರಿಂದ ನಾವು ಅದನ್ನು ಗಂಟೆ ಊರು ಎಂದೆವು. ವಾರಗಟ್ಟಲೆ ಆ ಊರೇ ನಡೆಯಿತು. ಪರೀಕ್ಷೆಗೆ ಬೇಕಾದ ಪಾಠಗಳು ಬಾಗಿಲ ಹೊರಗೆ ಕಾಯುತ್ತ ನಿಂತಿದ್ದವು.

ಅಂಗೈ ನಡುವಿನ ಗುಣಿ ಅಲ್ಲಿನ ಸಂತೆ ಬಯಲು, ಐದು ಬೆರಳು ಐದು ದಾರಿ. ಮಣಿಕಟ್ಟಿನ ಗೆರೆ ಒಂದು ಸಣ್ಣ ಹೊಳೆ. ಹೊಳೆ ದಾಟಲು ಸುಲಭವಾದ ಜಾಗದಲ್ಲಿ ದಾರಿಗಳು ಕೂಡಿದವು. ಕೂಡಿದಲ್ಲಿ ರೈತರು ಬೆಣ್ಣೆ, ಮೊಟ್ಟೆ, ನಾರು ತಂದು ಕೂತರು. ಕೂತವರ ಸುತ್ತ ಮನೆ ಎದ್ದವು, ಗುಡಿ ಎದ್ದಿತು, ಗೋಪುರ ಎದ್ದಿತು, ಗಂಟೆ ಬಂತು. ಗಂಟೆ ಹೊಡೆದರೆ ಸಂತೆ ಶುರು, ಮತ್ತೆ ಹೊಡೆದರೆ ಮುಗಿಯಿತು. "ಸಂತಿ ಮೊದ್ಲು, ಊರು ಆಮ್ಯಾಲೆ. ತಲಿಯಾಗ ಇಟ್ಕೊಳ್ರಿ," ಎಂದು ಕೊಡೆಯಿಂದ ಮೇಜು ಬಡಿಯುತ್ತಿದ್ದರು.

ಅಲ್ಲಿಯ ನಾರು ಅಂದರೆ ಅಗಸೆ ಗಿಡದ ನಾರು ಎಂದು ತಿಳಿದಾಗ ನಾವೆಲ್ಲ ಬಾಯಿ ಬಿಟ್ಟುಕೊಂಡು ಕೂತೆವು. ಅಗಸಿ ಚಟ್ನಿಪುಡಿ ಇಲ್ಲದೆ ನಮ್ಮ ರೊಟ್ಟಿ ಇಳಿಯುವುದಿಲ್ಲ. "ಅದ ಗಿಡ. ನಾವು ಬೀಜ ತಿಂತೀವಿ, ಅವ್ರು ನಾರು ತಗದು ಬಟ್ಟಿ ನೇಯ್ದು ಉಟ್ರು. ಅವ್ರದ್ದೂ ನಮ್ಮಂಗ ಬಟ್ಟಿ ಊರು." ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ಮಷೀನು ಗುಡುಗುವ ಊರಿನ ಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ಪರಿಚಯ ಬೇಕಾಗಿರಲಿಲ್ಲ. ಅಂದಿನಿಂದ ಗಂಟೆ ಊರು ನಮಗೆ ಪಕ್ಕದ ಬೆಳುಗುಪ್ಪದ ಆಚೆ ಎಲ್ಲೋ ಇರುವ ಊರಾಯಿತು.

ಅದರ ಚರಿತ್ರೆ ಹೇಳುವಾಗ ಅವರ ಕಣ್ಣು ಕೆಂಪಾಗುತ್ತಿತ್ತು. ನೆಲ ಚಪ್ಪಟೆ, ಅಡ್ಡ ಬೆಟ್ಟವಿಲ್ಲ, ಯಾರ ಸೈನ್ಯ ಎಲ್ಲಿಗೆ ಹೋಗಬೇಕಾದರೂ ಆ ಊರನ್ನು ತುಳಿದೇ ಹೋಗಬೇಕು. ಸ್ಪೇನಿನವರು ಬಂದರು, ಆಸ್ಟ್ರಿಯಾದವರು ಬಂದರು, ಫ್ರೆಂಚರು ಬಂದರು. "ದೊರಿ ಬದಲಾದಂಗೆಲ್ಲ ಕಚೇರಿ ಮಾತು ಬದಲಾತು. ಸಂತಿ ಮಾತು ಬದಲಾಗ್ಲಿಲ್ಲ. ಬೆಣ್ಣಿ ಮಾರೋಳು ತನ್ನ ಮಾತಿನ್ಯಾಗ ಕೂಗಿದ್ಲು. ಬೇಕಿದ್ದ ದೊರಿ ಆ ಮಾತು ಕಲ್ತು ಬೆಣ್ಣಿ ಕೊಂಡ." ಯುದ್ಧದಲ್ಲಿ ಊರು ಉರಿದಾಗ ಜನ ಮನೆಗೆ ಹೆಂಚು ಹೊದಿಸುವ ಮೊದಲು ಬಯಲಲ್ಲಿ ಹಲಗೆ ಜೋಡಿಸಿ ಸಂತೆ ಹಾಕಿದರಂತೆ. ಪಾಳೇಗಾರರು, ಸುಲ್ತಾನರು, ಇಂಗ್ಲಿಷರು, ಮದ್ರಾಸು, ಆಂಧ್ರ ಎಂದು ದೊರೆಗಳನ್ನು ಬದಲಿಸುತ್ತಲೇ ಬಂದ ಊರಿನಲ್ಲಿ, ಮನೆಯಲ್ಲಿ ಕನ್ನಡ ಆಡಿ, ಕಚೇರಿಯಲ್ಲಿ ತೆಲುಗು ಕೇಳುವ ಮಕ್ಕಳ ಮುಂದೆ, ಅವರು ಯಾವ ಊರಿನ ಪಾಠ ಮಾಡುತ್ತಿದ್ದರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಗೋಡೆಗೆ ಅಂಟಿಸಿದ್ದ ನಮ್ಮ ಚಿತ್ರಗಳನ್ನು ನೋಡಿ ಗಹಗಹಿಸಿ ನಕ್ಕರು. ಅಷ್ಟೂ ಮಕ್ಕಳು ಗಂಟೆ ಊರಿನ ಹಿಂದೆ ಒಂದೊಂದು ಬೆಟ್ಟ ಬರೆದಿದ್ದೆವು, ಬೆಟ್ಟದ ತುಂಬ ದಪ್ಪ ದಪ್ಪ ಬಂಡೆ, ಮೇಲೊಂದು ಕೋಟೆ. "ಏಂ ಟೀಚರ್, ಬೆಲ್ಜಿಯಂಲೋ ಈ ಕೊಂಡ ಎಕ್ಕಡಿದಿ?" ಎಂದು ತೆಲುಗಿನಲ್ಲೇ ಕೇಳಿದರು, ಬೆಲ್ಜಿಯಂಗೆ ಈ ಬೆಟ್ಟ ಎಲ್ಲಿಂದ ಬಂತು ಎಂದು. ನಾವು ತಲೆ ತಗ್ಗಿಸಿದೆವು. ಟೀಚರು ತಗ್ಗಿಸಲಿಲ್ಲ.

"ನೆಲ ಚಪ್ಪಟಿ ಅಂತ ಇವಕ್ಕ ಗೊತ್ತೈತ್ರಿ ಸಾರ್. ಬೆಟ್ಟ ಇಲ್ಲದ ಊರು ಇವಕ್ಕ ಕನಸಿನ್ಯಾಗೂ ಬರಂಗಿಲ್ಲ, ಅದಕ್ಕ ತಮ್ದನ್ನ ಅವ್ರಿಗೆ ಕೊಟ್ಟಾವ. ತಪ್ಪು ಬರದಾವ, ತಿದ್ದತೀನಿ. ನೀವು ನಗಬ್ಯಾಡ್ರಿ."

ಸಾಹೇಬರು ಚಹಾ ಕುಡಿಯದೆ ಹೋದರು. ಹೆಡ್‌ಮಾಸ್ಟರು ಇಡೀ ದಿನ ತಲೆ ಹಿಡಿದುಕೊಂಡು ಕೂತರು. ಟೀಚರು ಮಾತ್ರ ಮಾತಿನಂತೆ ಒಬ್ಬೊಬ್ಬರ ಬೆಟ್ಟವನ್ನೂ ರಬ್ಬರಿನಿಂದ ಅಳಿಸಲು ಹಚ್ಚಿದರು. ನನ್ನ ಹಾಳೆ ಹರಿದೇಹೋಯಿತು. ಈಗ ನಾನು ಅಗಳಿಯ ಕಡೆ ಒಂದು ಶಾಲೆಯಲ್ಲಿ ಅದೇ ಸೋಷಿಯಲ್ ಪಾಠ ಮಾಡುತ್ತೇನೆ. ಅಲ್ಲಿಯ ಮಕ್ಕಳು ಗಂಟೆ ಊರಿನ ಬಯಲಿಗೆ ಕುರಿ ತುಂಬುತ್ತಾರೆ. ನಗುವುದಿಲ್ಲ, ತಿದ್ದುತ್ತೇನೆ.

ಟೀಚರಮ್ಮ ರಿಟೈರ್ ಆಗಿ, ಗಂಡ ತೀರಿಕೊಂಡು, ಮಗ ಸೊಸೆಯ ಜೊತೆ ಇದ್ದ ಕಾಲಕ್ಕೆ ನಮ್ಮ ಸಂತೆಗೆ ಸಂಚಕಾರ ಬಂತು. ಬಯಲಿನ ಸುತ್ತಲಿನ ದೊಡ್ಡ ಅಂಗಡಿಯವರೆಲ್ಲ ಸೇರಿ, ಸಂತೆಯಿಂದ ಗಿರಾಕಿಗಳ ಗಾಡಿಗೆ ಜಾಗವಿಲ್ಲ, ಕೊಳೆತ ಸೊಪ್ಪಿನ ನಾತ ಬೇರೆ, ಮಾರುವವರು ರೈಲ್ವೆ ಗೇಟಿನಾಚೆಯ ಹೊಲಕ್ಕೆ ಹೋಗಲಿ ಎಂದರು. ಬರಿ ಬಾಯಲ್ಲಿ ಹೇಳಲಿಲ್ಲ. ಬಯಲಿನ ಬಾಯಿಗೆ ಕಬ್ಬಿಣದ ಕಂಬ ಹೂಳಿ ಸರಪಳಿ ಬಿಗಿದರು. ಅವ್ವ ಎಂದಿನಂತೆ "ಓಗ್ಲಿ ಬುಡಪ್ಪ" ಎಂದು ಎಲ್ಲರ ಜೊತೆ ಗೇಟಿನಾಚೆ ಹೋದಳು. ಅಷ್ಟು ದೂರ ಕೊತ್ತಂಬರಿ ಕೊಳ್ಳಲು ಯಾರು ಬರುತ್ತಾರೆ? ನೆರಳೂ ಇರಲಿಲ್ಲ. ಬಾಡಿದ ಸೊಪ್ಪಿನ ಬುಟ್ಟಿಯನ್ನು ಹಾಗೇ ಹೊತ್ತು ತಂದು ಆಡಿನ ಮುಂದೆ ಸುರಿದು, ಗೋಡೆಗೆ ಮುಖ ಮಾಡಿ ಮಲಗಿದಳು. ನಮ್ಮ ಮನೆ ನಡೆಯುತ್ತಿದ್ದುದೇ ಆ ಬುಟ್ಟಿಯಿಂದ.

ಮರುದಿನ ಟೀಚರಮ್ಮ ನಮ್ಮ ಮನೆಗೇ ಬಂದರು. ರಜೆಗೆಂದು ನಾನೂ ಬಂದಿದ್ದೆ. ಹಾಕಿದ ಚಾಪೆ ಮೇಲೆ ಅವರು ಕೂರಲಿಲ್ಲ, ನಿಂತೇ ಅವ್ವನನ್ನು ಕೇಳಿದರು.

"ಯಾಕ ಎದ್ದಿ ನೀನು?"

"ಏಳಿ ಅಂದ್ರು ಟೀಚರಮ್ಮ, ಎದ್ವಿ. ದೊಡ್ಡೋರ ಕುಟೆ ನಮ್ಗ್ಯಾಕೆ ರಗಳೆ? ಎಲ್ಲೋ ಒಂದ್ಕಡೆ ಕುಂತ್ಕಂಡ್ರಾತು."

"ಎಲ್ಲೋ ಒಂದು ಕಡಿ ಕುಂತ್ರ ಅದು ಸಂತಿ ಅಲ್ಲ, ಭಿಕ್ಷಾ. ನಿನ್ನ ಮಗಳಿಗೆ ವಾರಗಟ್ಲೆ ಬಡಕೊಂಡೀನಿ ನಾನು. ಮನ್ಯಾಗ ಒಂದು ಮಾತೂ ಹೇಳಿಲ್ಲೇನು ಇಕಿ?"

ನನ್ನನ್ನು ನೋಡಿದ ನೋಟಕ್ಕೆ ನಾನು ಮತ್ತೆ ಎಂಟನೇ ಕ್ಲಾಸಿನವಳಾದೆ.

ಮುಂದಿನ ಸಂತೆಯ ದಿನ ಬೆಳಗ್ಗೆ ಊರು ಕಣ್ಣುಜ್ಜಿಕೊಂಡು ನೋಡಿತು. ಸರಪಳಿಯ ಒಳಗೆ, ಅವ್ವ ಕೂರುತ್ತಿದ್ದ ಜಾಗದಲ್ಲೇ, ಟೀಚರಮ್ಮ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಮುಂದೆ ಸ್ಟೀಲ್ ಡಬ್ಬಿ, ಅದರಲ್ಲಿ ತಾವೇ ಕುಟ್ಟಿದ ಅಗಸಿ ಚಟ್ನಿಪುಡಿ, ಪಕ್ಕದಲ್ಲಿ ತಕ್ಕಡಿ. "ಅಗಸಿ ಚಟ್ನೀ, ಬರ್ರೀ" ಎಂದು ತರಗತಿಯ ದನಿಯಲ್ಲೇ ಕೂಗುತ್ತಿದ್ದರು. ಪೆನ್ಷನ್ ಬರುವ ಹೆಂಗಸು, ಮರ್ಯಾದಸ್ಥರ ಮನೆತನ! ಸುದ್ದಿ ಕೇಳಿ ಮಗ ಓಡಿಬಂದು ಕೈಮುಗಿದ. ಅವರು ಅವನಿಗೂ ಒಂದು ಪೊಟ್ಟಣ ತೂಗಿಕೊಟ್ಟರು. ಸೊಸೆ ಆಮೇಲೆ ಬಹಳ ದಿನ ಅವರೊಡನೆ ಮಾತಾಡಲಿಲ್ಲವಂತೆ.

ಕೊನೆಗೆ ದೊಡ್ಡ ಬಟ್ಟೆ ಅಂಗಡಿಯ ಯಜಮಾನ ಬಂದ. ಸರಪಳಿ ಹಾಕಿಸಿದವರಲ್ಲಿ ಅವನೇ ಮುಂದಾಳು, ನಮ್ಮ ಶಾಲೆಯಲ್ಲೇ ಅವರ ಕೈಕೆಳಗೆ ಓದಿದವನು. ಹಿಂದೆ ಜನ ಕೂಡಿತ್ತು. ನಾನೂ ಅವ್ವನೂ ಕಂಬದ ಹತ್ತಿರ ಬುಟ್ಟಿ ಇಟ್ಟುಕೊಂಡು ನಿಂತಿದ್ದೆವು.

"ಟೀಚರ್, ನೀವ್ಯಾಕ ಇಲ್ಲಿ ಕುಂತೀರಿ? ಏಳ್ರಿ. ಮಂದಿ ಏನಂತಾರ?"

"ಮಂದಿ ಅನ್ನೋದು ಆಮ್ಯಾಲೆ. ಈ ಊರು ಇಲ್ಲಿಗೆ ಯಾಕ ಬಂತು, ಹೇಳು."

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊಟ್ಟೆ ಬಂದ, ತಲೆ ನರೆತ ಆ ಮನುಷ್ಯ ತನಗೇ ಅರಿವಿಲ್ಲದೆ ನೆಟ್ಟಗೆ ನಿಂತು ಕೈಕಟ್ಟಿದ. "ಇಲ್ಲಿ ಸಂತಿ ಇತ್ತು ಟೀಚರ್, ಅದಕ್ಕ ಬಂತು."

"ನಿನ್ನ ಅಂಗಡಿ?"

"ಆಮ್ಯಾಲೆ ಬಂತ್ರಿ."

"ಹಂಗಾದ್ರ ಏಳೋರು ಯಾರು?"

ಹಿಂದಿನ ಜನ ಹೋ ಎಂದು ನಕ್ಕಿತು. ಅವನ ಮುಖ ಕಪ್ಪಿಟ್ಟಿತು. ಟೀಚರಮ್ಮ ಅವ್ವನ ಕಡೆ ತಿರುಗಿ "ಏನ್ ನೋಡ್ತಿ, ಬಂದು ಕುಂದ್ರು" ಎಂದು ಗದರಿ ಅರ್ಧ ಗೋಣಿಚೀಲ ಬಿಟ್ಟುಕೊಟ್ಟರು. ಅವ್ವ ಬುಟ್ಟಿ ಎತ್ತಿಕೊಂಡು ಸರಪಳಿ ದಾಟಿದಳು. ಅವಳ ಹಿಂದೆ ಮೆಣಸಿನಕಾಯಿಯವಳು, ಅವಳ ಹಿಂದೆ ಬೆಳ್ಳುಳ್ಳಿಯವಳು. ಮಧ್ಯಾಹ್ನದ ಹೊತ್ತಿಗೆ ಸಂತೆ ತನ್ನ ಜಾಗದಲ್ಲಿತ್ತು.

ಅಲ್ಲಿಗೇ ಎಲ್ಲ ಸುಖವಾಯಿತು ಎಂದು ಬರೆದರೆ ಸುಳ್ಳಾದೀತು. ಅಂಗಡಿಯವರು ಸರಪಳಿ ಬಿಚ್ಚಿದರು, ಕಂಬ ಕೀಳಲಿಲ್ಲ. ಸರಪಳಿ ಒಂದು ಕಂಬಕ್ಕೆ ಸುತ್ತಿಕೊಂಡು ನೇತಾಡುತ್ತಲೇ ಇತ್ತು. ಸಂತೆ ಒಂದು ವಾರ ತಪ್ಪಲಿ, ಬಿಗಿದುಬಿಡೋಣ ಎಂದು ಅವರು ಕಾಯುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಟೀಚರಮ್ಮ ಜ್ವರವಿರಲಿ, ಮಂಡಿನೋವಿರಲಿ, ಸಂತೆಯ ದಿನ ತಪ್ಪದೆ ಬಂದು ಕೂರುತ್ತಿದ್ದರು. ಅವರ ಚಟ್ನಿಪುಡಿಗೆ ಉಪ್ಪು ಹೆಚ್ಚಾಗಿರುತ್ತಿತ್ತು. ಯಾರೂ ಹೇಳುವ ಧೈರ್ಯ ಮಾಡದೆ ಕೊಂಡುಕೊಂಡು ಹೋಗುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ಸಿಕ್ಕ ಕೂಡಲೇ ನಾನು ಬಸ್ಸು ಹತ್ತಿದೆ. ಮಣ್ಣಾಗುವ ದಿನವೇ ಸಂತೆಯ ದಿನವೂ ಆಗಿತ್ತು. ನಾನು ಬಯಲಿಗೆ ಬರುವಷ್ಟರಲ್ಲಿ ಸುತ್ತಲಿನ ಅಂಗಡಿಗಳೆಲ್ಲ ಷಟರ್ ಎಳೆದಿದ್ದವು. ದೊಡ್ಡವರು ಸತ್ತರೆ ಪೇಟೆ ಮುಚ್ಚುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದ ಮರ್ಯಾದೆ. ಆ ಬಟ್ಟೆ ಅಂಗಡಿಯ ಯಜಮಾನ ಬಿಳಿ ಅಂಗಿ ಹಾಕಿಕೊಂಡು ಸಂತೆಯವರ ಮುಂದೆ ನಿಂತಿದ್ದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು, ಅದನ್ನು ಇಲ್ಲವೆನ್ನಲಾರೆ.

"ಇವತ್ತೊಂದು ದಿನ ಏಳ್ರವ್ವ. ಟೀಚರಿಗೆ ಕಡೀ ಮರ್ಯಾದಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಳ್ಳುಳ್ಳಿಯವಳು ಚೀಲ ಮಡಿಸತೊಡಗಿದಳು. ಅವ್ವನೂ ಏಳುತ್ತಾಳೆ ಎಂದುಕೊಂಡೆ, ಜನ್ಮದಲ್ಲೆಲ್ಲ ಎದ್ದವಳೇ ಅವಳು. ಅವಳು ಯಜಮಾನನನ್ನು ನೋಡಿದಳು, ಕಂಬಕ್ಕೆ ಸುತ್ತಿದ ಸರಪಳಿ ನೋಡಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇಲ್ಲ ಕಣಪ್ಪ. ನಾನು ಏಳಲ್ಲ. ಆವಮ್ಮ ಕುಂಡ್ರಿಸಿರೋ ಜಾಗ ಇದು. ನೀ ಬೇಕಾದ್ರೆ ಅಂಗಡಿ ಮುಚ್ಕ, ನಿನ್ ಮರ್ಯಾದೆ ನಿಂಗೆ. ನನ್ ಮರ್ಯಾದೆ ನಾನು ಕುಂತೇ ಮಾಡ್ತೀನಿ."

ಬೆಳ್ಳುಳ್ಳಿಯವಳು ಚೀಲವನ್ನು ಮತ್ತೆ ಹಾಸಿದಳು.

ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಹಲಗೆ ಬಡಿಯುವ ಸದ್ದು ಕೇಳಿತು. ಹೆಣ ಬಯಲಿನ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಹೆಗಲು ಕೊಟ್ಟವರು ಹತ್ತಿರ ಬಂದಂತೆ ಅವ್ವ ದನಿ ಎತ್ತಿದಳು. "ಕೊತ್ತಂಬ್ರೀ... ಮೆಂತ್ಯಾ... ದಂಟೂ..." ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೆಣಸಿನಕಾಯಿಯವಳು ಕೂಗಿದಳು, ಬೆಳ್ಳುಳ್ಳಿಯವಳು ಕೂಗಿದಳು, ಇಡೀ ಸಂತೆ ಕೂಗಿತು. ಮುಚ್ಚಿದ ಷಟರುಗಳ ನಡುವೆ ಹಲಗೆಯ ಸದ್ದೇ ಅಡಗಿಹೋಯಿತು. ಮಗ ಒಂದು ಕ್ಷಣ ನಿಂತು ನಮ್ಮ ಕಡೆ ನೋಡಿದ, ತಲೆ ಬಾಗಿಸಿ ಮುಂದೆ ನಡೆದ.

ನಾನು ಟೀಚರಮ್ಮನ ಹಿಂದೆ ಕೊನೆಯವರೆಗೂ ನಡೆದುಹೋಗಬೇಕೆಂದೇ ಅಷ್ಟು ದೂರದಿಂದ ಬಂದಿದ್ದೆ. ಹೋಗಲಿಲ್ಲ. ಚಪ್ಪಲಿ ಬಿಟ್ಟು ಅವ್ವನ ಪಕ್ಕ ನೆಲದ ಮೇಲೆ ಕೂತೆ, ಮೆಂತ್ಯದ ಒಂದು ಕಟ್ಟು ಎತ್ತಿ ಹಿಡಿದೆ, ನನಗೆ ಇದ್ದಷ್ಟೂ ದನಿಯಲ್ಲಿ ಕೂಗಿದೆ.