ಡಿಂಪ್ನಾ ಬಡಿದ ಮುಚ್ಚಳ

ಬೆಲ್‌ಫಾಸ್ಟಿನ ಆ ಬೀದಿಯಲ್ಲಿ ಪೊಲೀಸರಿಗೆ ಫೋನ್ ಮಾಡಿದವರಿಗೆ ಚಾಡಿಕೋರರೆಂದೇ ಹೆಸರು. ಡಿಂಪ್ನಾ ಕ್ವಿನ್‌ಗೆ ಈ ಕಟ್ಟಳೆ ತಾಯಿಯ ಹಾಲಿನ ಜೊತೆಗೇ ಬಂದದ್ದು. ಅವಳ ಬಾಲ್ಯದಲ್ಲಿ ಬ್ರಿಟಿಷ್ ಸಿಪಾಯಿಗಳೋ ಪೊಲೀಸರೋ ಬೀದಿಗೆ ನುಗ್ಗಿದರೆ ತಾಯಿ ಕಸದ ಡಬ್ಬಿಯ ತಗಡಿನ ಮುಚ್ಚಳವನ್ನು ನೆಲಕ್ಕೆ ಬಡಿದು ಎಚ್ಚರಿಸುತ್ತಿದ್ದಳು. ಹೆಂಗಸರೆಲ್ಲ ಹೊರಬಂದು ಜೊತೆಗೂಡುತ್ತಿದ್ದರು. ಆ ಮುಚ್ಚಳ ಡಿಂಪ್ನಾಳ ಹಿತ್ತಲಲ್ಲಿ ಇನ್ನೂ ಇತ್ತು.

ಪಕ್ಕದ ಮನೆಯ ಫಿಂಟನ್ ತನ್ನ ಎಳೆಯ ಹೆಂಡತಿ ಗ್ರಾನ್ಯಾಳನ್ನು ಹೊಡೆಯುವ ಸದ್ದು ಗೋಡೆ ದಾಟಿ ಬರುತ್ತಿತ್ತು. ಆ ಹುಡುಗಿಯ ತುಟಿ ಸೀಳಿದ ದಿನ ಡಿಂಪ್ನಾ ಕೇಳಿದಳು, "ಫೋನ್ ಮಾಡ್ಲೇನೇ?"

"ಬೇಡ ಡಿಂಪ್ನಕ್ಕ. ಪೊಲೀಸ್ನೋರು ಬಂದ್ರೆ ಬೀದಿಯೋರು ಮುಖಕ್ಕೆ ಉಗೀತಾರೆ."

"ಉಗಿದ್ರೆ ಒರಸ್ಕೋಬಹುದು," ಎಂದಳೇನೋ ನಿಜ. ಫೋನ್ ಮಾತ್ರ ಮುಟ್ಟಲಿಲ್ಲ. ಎಂಥ ಹಾಳು ಮರ್ಯಾದೆಯೋ.

ಒಂದು ಶನಿವಾರ ಮಧ್ಯಾಹ್ನ ಅವಳು ಸೋಡಾ ಬ್ರೆಡ್ ಕೊಯ್ಯುತ್ತಿದ್ದಾಗ ಆಚೆಯಿಂದ ಗೋಡೆಗೆ ಗ್ರಾನ್ಯಾಳ ತಲೆ ಅಪ್ಪಳಿಸಿತು. ಈಚೆ ತೂಗುಹಾಕಿದ್ದ ಪಟ ಬಿದ್ದು ಒಡೆಯಿತು. ಮತ್ತೆ ಅಪ್ಪಳಿಸಿತು.

"ಬೊಗಳು, ಇನ್ನೊಂದ್ಸಲ ಬೊಗಳು," ಎಂದು ಫಿಂಟನ್ ಅರಚುತ್ತಿದ್ದ. "ಡಿಂಪ್ನಕ್ಕಾ," ಎಂದು ಗ್ರಾನ್ಯಾ ಚೀರಿದಳು.

ಫೋನ್ ಮೇಜಿನ ಮೇಲೇ ಇತ್ತು. ಆದರೆ ಡಿಂಪ್ನಾಳ ಕಾಲು ಹಿತ್ತಲಿಗೆ ಓಡಿತು. ಬೀದಿಯವರು ನೆರೆದು ಅವನನ್ನು ಹೊರಗೆಳೆಯಲಿ ಎಂದು ಮುಚ್ಚಳ ತಂದು ಬಾಗಿಲ ಮುಂದೆ ಮಂಡಿಯೂರಿ ಬಡಿದಳು. ಹೆಂಗಸರು ಬಂದರು. ಪೊಲೀಸರು ಬಂದರೆಂದುಕೊಂಡು ಬಾಣಲೆ, ಸೌಟು ಹಿಡಿದು ತಾವೂ ಬಡಿಯತೊಡಗಿದರು. ಆ ಗದ್ದಲದಲ್ಲಿ ಗ್ರಾನ್ಯಾಳ ಕೂಗು ಯಾರಿಗೂ ಕೇಳಲಿಲ್ಲ.

"ನಿಲ್ಲಿಸ್ರೇ, ಒಳಗೆ ಹುಡುಗಿ ಸಾಯ್ತಿದ್ದಾಳೆ," ಎಂದು ಡಿಂಪ್ನಾ ಗಂಟಲು ಹರಿದುಕೊಂಡಳು. ಎಲ್ಲರೂ ನಿಲ್ಲಿಸಿದಾಗ ಪಕ್ಕದ ಮನೆಯಲ್ಲಿ ಸದ್ದೇ ಇರಲಿಲ್ಲ.

ಫಿಂಟನ್ ಬಾಗಿಲು ತೆಗೆದ. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಗೆ ರಕ್ತ, ಕೂದಲು ಮೆತ್ತಿತ್ತು.

"ಎಲ್ಲಿ ಪೊಲೀಸ್ನೋರು?" ಎಂದ.

"ಈಗ ಬರ್ತಾರೆ ಕಣೋ," ಎಂದು ಡಿಂಪ್ನಾ ತನ್ನ ಮನೆಯೊಳಗಿನಿಂದ ಫೋನ್ ತಂದು, ಇಡೀ ಬೀದಿ ನೋಡುತ್ತಿದ್ದಂತೆ ತುರ್ತು ಸಂಖ್ಯೆ 999 ಒತ್ತಿದಳು. ಯಾರು ಬೇಕೆಂದು ಆ ಕಡೆಯವರು ಕೇಳಿದರು. "ಪೊಲೀಸು, ಆಂಬುಲೆನ್ಸು, ಎರಡೂ," ಎಂದಳು, ಎಲ್ಲರಿಗೂ ಕೇಳುವಂತೆ. ಅವರು ಬೇಗನೇ ಬಂದರು. ಅಷ್ಟರಲ್ಲಿ ಗ್ರಾನ್ಯಾಳ ಉಸಿರು ನಿಂತಿತ್ತು.

ಮರುದಿನ ಡಿಂಪ್ನಾಳ ಬಾಗಿಲ ಮೇಲೆ ಯಾರೋ ಕೆಂಪು ಬಣ್ಣದಲ್ಲಿ 'ಚಾಡಿಕೋರಿ' ಎಂದು ಬರೆದಿದ್ದರು. ಒರೆಸಲು ಬಂದ ಮಗನನ್ನು ಅವಳು ತಡೆದಳು.

"ಇರ್ಲಿ ಬಿಡೋ. ಏಟು ತಿನ್ನೋಳಿಗೆ ಯಾವ ಬಾಗಿಲು ತಟ್ಬೇಕು ಅಂತ ದೂರದಿಂದ್ಲೇ ಕಾಣ್ಲಿ."