ಕೇಳಿಸದ ಅಳುವಿನ ವಾರ್ಡಿನಲ್ಲಿ ಕೆಂಪಣ್ಣ

ಮಂಜಿನಿಂದಾಗಿ ಫರೀದಾಬಾದಿನ ಲೋಕಲ್ ರೈಲು ಇವತ್ತೂ ತಡ. ಕೆಂಪಣ್ಣ ಮಫ್ಲರ್ ಬಿಚ್ಚುತ್ತಲೇ ವಾರ್ಡಿನೊಳಗೆ ಬರುತ್ತಾರೆ. ದೆಹಲಿಯ ಈ ಸರ್ಕಾರಿ ಆಸ್ಪತ್ರೆಯ ಕಿಟಕಿಗಳಲ್ಲಿ ಇನ್ನೂ ಬೆಳಕು ಮೂಡಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಗೆ ಕಾದಿರುವ ಮಕ್ಕಳು ರಾತ್ರಿಯಿಂದ ಏನೂ ತಿಂದಿಲ್ಲ. ಅವರನ್ನು ಥಿಯೇಟರಿಗೆ ಕರೆದೊಯ್ಯುವ ಮೊದಲು ಒಂದಿಷ್ಟು ರಕ್ತ ತೆಗೆಯುವುದು ಕೆಂಪಣ್ಣನವರ ಕೆಲಸ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮೊದಲ ಮಂಚದ ಹುಡುಗನ ತೋಳು ಹಿಡಿಯುತ್ತಾರೆ. ಸೂಜಿ ಒಳಗೆ ಹೋಗುತ್ತದೆ. ಹುಡುಗನ ಬಾಯಿ ಅಗಲವಾಗಿ ತೆರೆಯುತ್ತದೆ, ಕತ್ತಿನ ನರ ಉಬ್ಬುತ್ತದೆ, ಕಣ್ಣೀರು ಇಳಿಯುತ್ತದೆ. ಸದ್ದು ಮಾತ್ರ ಬರುವುದಿಲ್ಲ.

"ಬೇರೆ ವಾರ್ಡಲ್ಲಿ ಮಕ್ಕಳ ಅಳು ಕೇಳಿ ಕೇಳಿ ತಲೆ ಕೆಡುತ್ತೆ ಅಂತಾರೆ ನಮ್ಮೋರು," ಎನ್ನುತ್ತಾರೆ ಕೆಂಪಣ್ಣ. "ಇಲ್ಲಿ ಮುಖ ನೋಡ್ತಾನೇ ಇರ್ಬೇಕು. ಇಲ್ದಿದ್ರೆ ಅಳ್ತಿದೆ ಅನ್ನೋದೇ ಗೊತ್ತಾಗಲ್ಲ."

ಈ ಮಕ್ಕಳ ಧ್ವನಿಪೆಟ್ಟಿಗೆಯಲ್ಲಿ ನರಹುಲಿಯಂಥ ಗಂಟುಗಳು ಬೆಳೆಯುತ್ತವೆ. ಕಾರಣ ಪ್ಯಾಪಿಲೋಮ ವೈರಸ್. ಹೆಚ್ಚಿನ ಮಕ್ಕಳಿಗೆ ಅದು ಹುಟ್ಟುವಾಗ ತಾಯಿಯಿಂದ ಬರುತ್ತದೆ. ತನ್ನಲ್ಲಿ ಅದಿದೆ ಎಂದು ತಾಯಿಗೇ ತಿಳಿದಿರುವುದಿಲ್ಲ. ಹಾಗೆ ಸೋಂಕು ತಗುಲಿದವರಲ್ಲಿ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಕೆಲವರಲ್ಲಿ ಮಾತ್ರ ದೇಹದ ಕಾವಲಿನ ಕಣಗಳು ಸುಮ್ಮನೆ ಇದ್ದುಬಿಡುತ್ತವೆ. ಗಂಟುಗಳನ್ನು ತೆಗೆದರೆ ದನಿ ಬರುತ್ತದೆ. ಅವು ಮತ್ತೆ ಬೆಳೆಯುತ್ತವೆ. ದನಿ ಹೋಗುತ್ತದೆ, ಆಮೇಲೆ ಉಸಿರಾಟವೂ ಕಷ್ಟವಾಗುತ್ತದೆ.

ಆ ಕಣಗಳು ಏಕೆ ಸುಮ್ಮನಿವೆ ಎಂದು ಹುಡುಕುತ್ತಿರುವವರು ಧಾರವಾಡದಿಂದ ಬಂದ ಸಂಶೋಧನಾ ವಿದ್ಯಾರ್ಥಿನಿ ಧಾರಿಣಿ. ಮಕ್ಕಳ ರಕ್ತದ ಬಿಳಿ ಕಣಗಳ ಮುಂದೆ ವೈರಸ್ಸಿನ ತುಣುಕುಗಳನ್ನಿಟ್ಟು, ಅವು ಹೋರಾಟಕ್ಕೆ ಏಳುತ್ತವೆಯೇ ಎಂದು ಕಾಯುತ್ತಾರೆ. "ಅವಕ್ಕೆ ವೈರಸ್ ಕಾಣೋದೇ ಇಲ್ಲ ಅಂತಲ್ಲ," ಎನ್ನುತ್ತಾರೆ ಅವರು. "ಕಾಣುತ್ತೆ. ಆದ್ರೂ, ಸುಮ್ಮನಿರಿ ಅಂತ ಯಾರೋ ಹೇಳಿದ ಹಾಗಿರ್ತವೆ. ಯಾರು ಹೇಳ್ತಿದಾರೆ ಅನ್ನೋದೇ ನನ್ನ ಪಿಎಚ್.ಡಿ."

ಇದಕ್ಕೆ ಕಣಗಳು ಜೀವಂತವಾಗಿರಬೇಕು. ಹಿಂದೊಮ್ಮೆ ನರ್ಸ್ ಒಬ್ಬರು, ಹಾಲು ಕೆಡದಿರಲಿ ಎಂಬಂತೆ, ಟ್ಯೂಬುಗಳನ್ನು ಮಂಜುಗಡ್ಡೆಯ ಮೇಲಿಟ್ಟಿದ್ದರು. ಆ ತಣ್ಣಗೆ ಕಣಗಳು ಕೆಟ್ಟು, ಆ ದಿನ ಮಕ್ಕಳಿಗೆ ಚುಚ್ಚಿದ್ದೆಲ್ಲ ವ್ಯರ್ಥವಾಯಿತು. ಅಂದಿನಿಂದ ಟ್ಯೂಬು ಬೇರೆಯವರ ಕೈಗೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಕೆಂಪಣ್ಣ ಟ್ಯೂಬಿನ ಡಬ್ಬಿಗೆ ಒದ್ದೆ ಟವೆಲ್ ಸುತ್ತಿ ಗೋಡೆಯ ನೆರಳಿಗೆ ಅಂಟಿಕೊಂಡೇ ಲ್ಯಾಬಿಗೆ ನಡೆಯುತ್ತಾರೆ. ಜನವರಿಯಲ್ಲಿ ಸ್ವೆಟರಿನ ಒಳಜೇಬು. ಅದನ್ನು ಹೊಲಿದುಕೊಟ್ಟವರು ಹೆಂಡತಿ ಗಿರಿಜಮ್ಮ. "ಮದುವೆಯಾದಾಗಿನಿಂದ ನನ್ನ ಒಂದು ಫೋಟೋನೂ ಜೇಬಲ್ಲಿಟ್ಟೋರಲ್ಲ, ಊರೋರ ಮಕ್ಕಳ ರಕ್ತ ಎದೆಗಿಟ್ಕೊಂಡು ಓಡಾಡ್ತಾರೆ ಅಂತ ಹಂಗಿಸ್ತಾಳೆ," ಎನ್ನುತ್ತಾರೆ ಕೆಂಪಣ್ಣ.

ಪಾವಗಡದ ಕಡೆಯ ಕೆಂಪಣ್ಣ ಸೋದರಮಾವನ ಜೊತೆ ದೆಹಲಿಗೆ ಬಂದವರು; ಈಗ ಮನೆ ಫರೀದಾಬಾದಿನಲ್ಲಿ. ಖಾಸಗಿ ಲ್ಯಾಬೊಂದರಲ್ಲಿ ಬಾಟಲಿ ತೊಳೆಯುತ್ತ ಸೂಜಿ ಹಿಡಿಯಲು ಕಲಿತರು. ಇಲ್ಲಿನದು ಗುತ್ತಿಗೆ ಕೆಲಸ. ಸಂಶೋಧನೆಯ ಅವಧಿ ಮುಗಿದರೆ ಅದೂ ಮುಗಿಯುತ್ತದೆ. ಮುಂದೇನು ಎಂದರೆ, "ಚಲೋ, ನೋಡೋಣ," ಎನ್ನುತ್ತಾರೆ.

ಕೊನೆಯ ಮಂಚದಲ್ಲಿ ಎಂಟು ವರ್ಷದ ಹಂಸಿನಿ ಮಲಗಿದ್ದಾಳೆ. ತಂದೆ ಬಸಪ್ಪ ಮಾನೇಸರಿನಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆಯ ನೌಕರ. ಕಳೆದ ಶಸ್ತ್ರಚಿಕಿತ್ಸೆಯ ನಂತರ ಬಂದ ದನಿ ದೀಪಾವಳಿ ದಾಟಿಯೂ ಉಳಿದಿತ್ತು. ಹಿಂದೆಂದೂ ಅಷ್ಟು ಕಾಲ ಉಳಿದಿರಲಿಲ್ಲ. ಅವಳ ದೇಹ ಕೊನೆಗೂ ಎಚ್ಚೆತ್ತಿತೇನೋ ಎಂದು ಲ್ಯಾಬಿನಲ್ಲೂ ಆಸೆ ಹುಟ್ಟಿತ್ತು. ಹೋದ ವಾರ ದನಿ ಮತ್ತೆ ನಿಂತಿದೆ.

ಕೆಂಪಣ್ಣ ಟ್ರೇ ಇಡುತ್ತಿದ್ದಂತೆ ತಾಯಿ ವಾಸಂತಿ ಮಗಳ ತೋಳಿನ ಮೇಲೆ ಕಂಬಳಿ ಎಳೆಯುತ್ತಾರೆ.

"ಇವತ್ತು ಬೇಡ ಕೆಂಪಣ್ಣ."

"ಒಂದೇ ಟ್ಯೂಬು, ತಾಯಿ."

"ನನ್ನಿಂದ ಬಂತು ಅಂತ ಹೇಳೋಕೆ ಎಲ್ಲರಿಗೂ ಬರುತ್ತೆ. ಯಾವಾಗ ಹೋಗುತ್ತೆ ಅಂದ್ರೆ ಯಾರೂ ಬಾಯಿ ಬಿಡಲ್ಲ. ಇಷ್ಟು ಸಲ ರಕ್ತ ಕೊಟ್ಟು ಇವಳಿಗೇನು ಸಿಕ್ತು ಹೇಳಿ?"

"ಏನೂ ಸಿಕ್ಕಿಲ್ಲ," ಎನ್ನುತ್ತಾರೆ ಕೆಂಪಣ್ಣ. "ಔಷಧಿ ಅಂತ ಒಂದು ಸಿಗೋ ಹೊತ್ತಿಗೆ ಇವಳು ದೊಡ್ಡೋಳಾಗಿರ್ತಾಳೆ. ಸುಳ್ಳು ಹೇಳಲ್ಲ. ನೀವು ಬೇಡ ಅಂದ್ರೆ ಬೇಡ."

ವಾಸಂತಿ ಕಂಬಳಿಯ ಅಂಚನ್ನು ಮಡಿಚುತ್ತ ಕೂರುತ್ತಾರೆ. "ದೀಪಾವಳಿಗೆ ಊರಿಗೆ ಫೋನ್ ಮಾಡಿ ಅಜ್ಜಿ ಹತ್ರ ಮಾತಾಡಿದ್ಲು. ಯಾರಮ್ಮ ನೀನು ಅಂತ ಕೇಳಿದ್ರು ಅತ್ತೆ. ಮೊಮ್ಮಗಳ ದನೀನೇ ಗೊತ್ತಿರ್ಲಿಲ್ಲ ಅವರಿಗೆ."

ಹಂಸಿನಿ ಕೆಂಪಣ್ಣನವರ ಸ್ವೆಟರ್ ಜಗ್ಗುತ್ತಾಳೆ. ಅವರು ಬಾಗಿ, ಅವಳ ತುಟಿಯ ಹತ್ತಿರ ಕಿವಿಯಿಟ್ಟು, ನಗುತ್ತಾರೆ.

"ಏನಂತೆ?" ವಾಸಂತಿ ಕೇಳುತ್ತಾರೆ.

"'ಅಂಕಲ್ ಡರ್‌ಪೋಕ್ ಹೈ' ಅಂತಾಳೆ. ಅಮ್ಮ ಒಂದು ಮಾತು ಅಂದ್ರೆ ಓಡಿಹೋಗೋ ಪುಕ್ಕಲ ಅಂತೆ ನಾನು."

ವಾಸಂತಿ ನಗುವುದಿಲ್ಲ. ಕಂಬಳಿಯನ್ನೂ ಸರಿಸುವುದಿಲ್ಲ. ಗಾಲಿಮಂಚ ಬಂದು ಹಂಸಿನಿಯನ್ನು ಕರೆದೊಯ್ಯುತ್ತದೆ. ಅವಳು ತಿರುವಿನಲ್ಲಿ ಮರೆಯಾಗುವವರೆಗೆ ಕೆಂಪಣ್ಣ ನಿಂತಿದ್ದು, ಉಳಿದ ಮಕ್ಕಳ ಟ್ಯೂಬುಗಳನ್ನು ಒಳಜೇಬಿಗೆ ಸೇರಿಸಿಕೊಂಡು ಹೊರಡುತ್ತಾರೆ.

ಲ್ಯಾಬಿನಲ್ಲಿ ಧಾರಿಣಿ ಟ್ಯೂಬುಗಳ ಮೇಲಿನ ಹೆಸರು ಓದಿ ತಲೆಯೆತ್ತುತ್ತಾರೆ. "ಹಂಸಿನಿದು? ಅವಳದ್ದೇ ಬೇಕಿತ್ತಲ್ಲ ಕೆಂಪಣ್ಣ. ಇಷ್ಟು ದಿನ ದನಿ ಉಳಿಸ್ಕೊಂಡೋಳು ಅವಳೊಬ್ಬಳೇ."

"ತಾಯಿ ಬೇಡ ಅಂದ್ರು ಮೇಡಂ. ಮುಂದಿನ ಸಲ ಬಂದಾಗ ಕೇಳ್ತೀನಿ."

ಹೇಳಿ ಬಾಗಿಲವರೆಗೆ ಹೋದವರು ನಿಲ್ಲುತ್ತಾರೆ.

"ಅಲ್ಲ ಮೇಡಂ, ಅವಳು ಬರೋದೇ ಬೇಡ. ಮನೇಲೇ ಕೂತು ನನ್ನನ್ನ ಡರ್‌ಪೋಕ್ ಅಂತ ಬಾಯ್ತುಂಬ ಬೈಕೊಳ್ಳಲಿ. ನಮ್ಮ ಫರೀದಾಬಾದ್‌ವರೆಗೂ ಕೇಳಿಸ್ಲಿ."